'ಅಗೇನ್ಸ್ಟ್' ಪದವನ್ನ ಬಿಟ್ಟುಕೊಡಬೇಡಿ

ಪೋಸ್ಟ್ ಉದ್ದ ಇದೆ. ಇಂಗ್ಲಿಷ್ ವ್ಯಾಕರಣದಿಂದ ಶುರುವಾಗುತ್ತೆ, ಆದರೆ ಹೋಗಿ ನಿಲ್ಲೋದು ಸಂವಿಧಾನದ ಹತ್ತಿರ, ಅಟ್ರಾಸಿಟಿ ಕಾಯ್ದೆಯ ಹತ್ತಿರ. ಮನವಿ ಪತ್ರ, ಪ್ರೆಸ್ ನೋಟ್, ಸತ್ಯಶೋಧನಾ ವರದಿ ಬರೆಯುವ ಗೆಳೆಯ ಗೆಳತಿಯರು ದಯವಿಟ್ಟು ಕೊನೇ ತನಕ ಓದಿ.

"ದಲಿತ್ಸ್ ಆರ್ ಡಿಸ್ಕ್ರಿಮಿನೇಟೆಡ್ ಇನ್ ದಿಸ್ ವಿಲೇಜ್." ಈ ಥರದ ವಾಕ್ಯ ಎಲ್ಲಿಲ್ಲ ಹೇಳಿ? ಮನವಿಗಳಲ್ಲಿದೆ, ಪ್ಲಕಾರ್ಡುಗಳಲ್ಲಿದೆ, ಪಿಎಚ್‌ಡಿ ಪ್ರಬಂಧಗಳಲ್ಲಿದೆ, ಇಂಗ್ಲಿಷ್ ಪತ್ರಿಕೆಗಳಲ್ಲೂ ಇದೆ. ಇಂಗ್ಲಿಷ್ ಬಳಕೆಯ ಪ್ರಕಾರ ಇದು ತಪ್ಪು. ಸರಿಯಾದದ್ದು "ದಲಿತ್ಸ್ ಆರ್ ಡಿಸ್ಕ್ರಿಮಿನೇಟೆಡ್ ಅಗೇನ್ಸ್ಟ್ ಇನ್ ದಿಸ್ ವಿಲೇಜ್". ಮಧ್ಯದಲ್ಲಿ ಒಂದು 'ಅಗೇನ್ಸ್ಟ್' ಬಿದ್ದುಹೋಗಿದೆ.

ಇಷ್ಟಕ್ಕೆ ಇಷ್ಟುದ್ದ ಬರೀಬೇಕಾ ಅಂತ ಕೇಳಬಹುದು. ಒಂದು ಮಾತು ಮೊದಲೇ ಸ್ಪಷ್ಟ ಮಾಡ್ತೀನಿ. ಇಂಗ್ಲಿಷ್ ತಪ್ಪು ಹಿಡಿದು ನಮ್ಮ ಹುಡುಗರನ್ನ ಆಡಿಕೊಳ್ಳೋದು ಅಗ್ರಹಾರದ ಹಳೇ ಚಾಳಿ. ಮೊದಲು ಸಂಸ್ಕೃತದ ಉಚ್ಚಾರ ಹಿಡಿದು ಮಾಡ್ತಿದ್ರು, ಈಗ ಇಂಗ್ಲಿಷ್ ಹಿಡಿದು ಮಾಡ್ತಾರೆ. ಆ ಕೆಲಸಕ್ಕೆ ಈ ಪೋಸ್ಟ್ ಬಳಸಬೇಡಿ. ಯಾರಾದರೂ 'ಅಗೇನ್ಸ್ಟ್' ಬಿಟ್ಟು ಬರೆದರೆ ಅವರ ನೋವೇನೂ ಸುಳ್ಳಾಗಲ್ಲ. ನಾನು ಹೇಳಹೊರಟಿರೋದು ಬೇರೆ. ಆ ಒಂದು ಪದಕ್ಕೆ ಒಂದು ಚರಿತ್ರೆ ಇದೆ. ಗುಲಾಮಗಿರಿಯಿಂದ ಹೊರಬಂದ ಜನರ ಕಾನೂನಿನಿಂದ ಬಾಬಾಸಾಹೇಬರ ಕೈಗೆ, ಅಲ್ಲಿಂದ ನಮ್ಮ ಸಂವಿಧಾನಕ್ಕೆ ಬಂದ ಚರಿತ್ರೆ. ಅದನ್ನ ತಿಳಿದವರು ಆ ಪದವನ್ನ ಸುಮ್ಮನೆ ಬಿಡಲ್ಲ.

ಮೊದಲು ಪದದ ಅರ್ಥ ನೋಡೋಣ. 'ಡಿಸ್ಕ್ರಿಮಿನೇಟ್' ಲ್ಯಾಟಿನ್ ಮೂಲದ್ದು. ಅದರ ಬೇರಿನಲ್ಲಿರುವ 'ಸೆರ್ನೆರೆ' ಅನ್ನೋ ಧಾತುವಿಗೆ ಜರಡಿ ಹಿಡಿ, ಬೇರೆ ಮಾಡು ಅಂತ ಅರ್ಥ. 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಅದರಲ್ಲಿ ದ್ವೇಷ ಏನೂ ಇರಲಿಲ್ಲ. ಒಂದನ್ನು ಇನ್ನೊಂದರಿಂದ ಬೇರೆ ಅಂತ ಗುರುತಿಸೋದು, ಅಷ್ಟೇ. ಅಕ್ಕಿಯಿಂದ ಕಲ್ಲನ್ನು ಬೇರೆ ಮಾಡಿದ ಹಾಗೆ. ಆ ಹಳೇ ಅರ್ಥ ಇವತ್ತಿಗೂ ಬದುಕಿದೆ. ಸಂಗೀತದಲ್ಲಿ ಒಳ್ಳೇ ಅಭಿರುಚಿ ಇರುವವರನ್ನ 'ಡಿಸ್ಕ್ರಿಮಿನೇಟಿಂಗ್ ಲಿಸನರ್' ಅಂತಾರೆ. ಅದು ಹೊಗಳಿಕೆ.

ಹಾಗಾದರೆ ಈ ಕ್ರಿಯಾಪದಕ್ಕೆ ಅನ್ಯಾಯದ ಅರ್ಥ ಬರೋದು ಎಲ್ಲಿಂದ? ಜೊತೆಗೆ ಬರುವ ಪುಟ್ಟ ಪದದಿಂದ. 'ಡಿಸ್ಕ್ರಿಮಿನೇಟ್ ಬಿಟ್ವೀನ್' ಅಂದರೆ ಎರಡರ ನಡುವೆ ವ್ಯತ್ಯಾಸ ಗುರುತಿಸು. 'ಡಿಸ್ಕ್ರಿಮಿನೇಟ್ ಇನ್ ಫೇವರ್ ಆಫ್' ಅಂದರೆ ಒಬ್ಬರ ಪರವಾಗಿ ವ್ಯತ್ಯಾಸ ಮಾಡು. 'ಡಿಸ್ಕ್ರಿಮಿನೇಟ್ ಅಗೇನ್ಸ್ಟ್' ಅಂದರೆ ಒಬ್ಬರ ವಿರುದ್ಧ ವ್ಯತ್ಯಾಸ ಮಾಡು. ಕ್ರಿಯಾಪದ ಒಂದೇ, ದಿಕ್ಕು ಮೂರು. 'ಅಗೇನ್ಸ್ಟ್' ತೆಗೆದು "ದಲಿತ್ಸ್ ಆರ್ ಡಿಸ್ಕ್ರಿಮಿನೇಟೆಡ್" ಅಂತ ಬರೆದರೆ ಹಳೇ ಅರ್ಥದಲ್ಲಿ ಉಳಿಯೋದು "ದಲಿತರನ್ನು ಬೇರೆಯಾಗಿ ಗುರುತಿಸಲಾಗುತ್ತದೆ" ಅಂತ ಮಾತ್ರ. ಹೊಡೆತ ಮಾಯ. ಓದುವವರು ನಮ್ಮ ಅರ್ಥವನ್ನ ಊಹಿಸಿಕೊಳ್ತಾರೆ, ನಿಜ. ಆದರೆ ನಮ್ಮ ಮೇಲಿನ ಅನ್ಯಾಯವನ್ನ ಅವರು ಯಾಕೆ ಊಹಿಸಬೇಕು? ಬರೆದೇ ಇಡೋಣ.

ನಮ್ಮ ಕಡೆ ಈ ಪದ ಯಾಕೆ ಬೀಳುತ್ತೆ ಅನ್ನೋದಕ್ಕೂ ಕಾರಣ ಇದೆ. ಕನ್ನಡದಲ್ಲಿ ಈ ಕೆಲಸವನ್ನ ವಿಭಕ್ತಿ ಪ್ರತ್ಯಯ ಮಾಡುತ್ತೆ. "ದಲಿತರಿಗೆ ತಾರತಮ್ಯ ಮಾಡ್ತಾರೆ" ಅಂದಾಗ 'ಗೆ' ನಾಮಪದಕ್ಕೇ ಅಂಟಿಕೊಂಡಿರುತ್ತೆ, ಕಳೆದುಹೋಗಲ್ಲ. ಇಂಗ್ಲಿಷಿನಲ್ಲಿ ಆ ಪುಟ್ಟ ಪದ ಬೇರೆಯಾಗಿ ನಿಲ್ಲುತ್ತೆ. ಕರ್ಮಣಿ ಪ್ರಯೋಗಕ್ಕೆ ಹೋದಾಗ ನಾಮಪದ ಮುಂದಕ್ಕೆ ಜಿಗಿಯುತ್ತೆ, ಇದು ಮಾತ್ರ ಕ್ರಿಯಾಪದದ ಬಾಲದಲ್ಲಿ ಒಂಟಿಯಾಗಿ ಉಳಿಯುತ್ತೆ. "ಹೀ ವಾಸ್ ಲಾಫ್ಡ್ ಅಟ್" ಅಂತೀವಲ್ಲ, ಅಲ್ಲಿ 'ಅಟ್' ಇಲ್ಲದೆ ವಾಕ್ಯ ನಿಲ್ಲಲ್ಲ, ಹಾಗೇನೇ. ಯಾರಿಂದ ಅಂತ ಹೇಳಬೇಕಾದರೆ 'ಡಿಸ್ಕ್ರಿಮಿನೇಟೆಡ್ ಅಗೇನ್ಸ್ಟ್ ಬೈ' ಆಗುತ್ತೆ. ಎರಡು ಪುಟ್ಟ ಪದ ಅಕ್ಕಪಕ್ಕ ಬಂದಿದ್ದು ಕಿವಿಗೆ ತಪ್ಪು ಅನಿಸಿ ಜನ ಒಂದನ್ನ ಕಿತ್ತುಹಾಕ್ತಾರೆ. ಅದು ತಪ್ಪಲ್ಲ, ಅದೇ ಸರಿ.

ಈಗ ಚರಿತ್ರೆಗೆ ಬರೋಣ. ಜನಾಂಗದ ಹೆಸರಲ್ಲಿ ನಡೆಯುವ ಅನ್ಯಾಯಕ್ಕೆ ಈ ಪದ ಅಂಟಿಕೊಂಡಿದ್ದು ಅಮೆರಿಕದಲ್ಲಿ. ನಿಘಂಟುಕಾರರು ಕೊಡುವ ವರ್ಷ 1866. ಆ ವರ್ಷ ಅಲ್ಲಿ ಏನಾಗ್ತಿತ್ತು? ಅಂತರ್ಯುದ್ಧ ಮುಗಿದು ಒಂದು ವರ್ಷ. 1865ರ ಡಿಸೆಂಬರಿನಲ್ಲಿ 13ನೇ ತಿದ್ದುಪಡಿ ಗುಲಾಮಗಿರಿಯನ್ನ ರದ್ದು ಮಾಡಿತ್ತು. ಆದರೆ ದಕ್ಷಿಣದ ರಾಜ್ಯಗಳು ಸುಮ್ಮನಿರಲಿಲ್ಲ. ಕಪ್ಪು ಜನ ಕೆಲಸದ ಕರಾರಿಲ್ಲದೆ ತಿರುಗಾಡಿದರೆ ಅಪರಾಧ, ಬಿಳಿಯರ ವಿರುದ್ಧ ಸಾಕ್ಷಿ ಹೇಳುವ ಹಾಗಿಲ್ಲ, ಇಂಥ 'ಬ್ಲ್ಯಾಕ್ ಕೋಡ್' ಕಾನೂನುಗಳನ್ನ ತಂದವು. ಗುಲಾಮಗಿರಿ ಹೋಯ್ತು, ಗುಲಾಮರನ್ನ ಕಟ್ಟಿಹಾಕುವ ಹಗ್ಗ ಉಳೀತು.

ಇದನ್ನ ಮುರಿಯೋಕೆ ಅಮೆರಿಕದ ಸಂಸತ್ತು 1866ರ ನಾಗರಿಕ ಹಕ್ಕುಗಳ ಕಾಯ್ದೆ ತಂತು. ಹಿಂದಿನ ಗುಲಾಮ ಸ್ಥಿತಿ ಏನೇ ಇರಲಿ, ಎಲ್ಲ ಜನಾಂಗ, ಎಲ್ಲ ಬಣ್ಣದ ನಾಗರಿಕರಿಗೂ ಕರಾರು ಮಾಡಿಕೊಳ್ಳುವ, ದಾವೆ ಹೂಡುವ, ಸಾಕ್ಷಿ ಹೇಳುವ, ಆಸ್ತಿ ಕೊಳ್ಳುವ, ಮಾರುವ ಹಕ್ಕು ಬಿಳಿಯರಿಗೆ ಸಮನಾಗಿ ಇರುತ್ತೆ ಅಂತ. ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಮಾರ್ಚ್ 27ರಂದು ವೀಟೋ ಹಾಕಿದ. ಅವನು ಕೊಟ್ಟ ಕಾರಣ ಕೇಳಿ: ಈ ಮಸೂದೆಯಲ್ಲಿ ಜನಾಂಗದ ವ್ಯತ್ಯಾಸ ಕಪ್ಪು ಜನರ 'ಇನ್ ಫೇವರ್ ಆಫ್', ಬಿಳಿಯರ 'ಅಗೇನ್ಸ್ಟ್' ಕೆಲಸ ಮಾಡುತ್ತೆ ಅಂತ! ಗುಲಾಮಗಿರಿ ರದ್ದಾಗಿ ನಾಲ್ಕು ತಿಂಗಳು ಕೂಡ ಆಗಿರಲಿಲ್ಲ, ಆಗಲೇ ಬಿಳಿಯರಿಗೆ ಅನ್ಯಾಯ ಆಯ್ತು ಅನ್ನೋ ರಾಗ. ನಮ್ಮಲ್ಲಿ ಮೀಸಲಾತಿ ವಿಷಯದಲ್ಲಿ ದಿನಾ ಕೇಳುವ ಮೆರಿಟ್ ರಾಗಕ್ಕೆ ಇಷ್ಟು ವಯಸ್ಸಾಗಿದೆ. ಸಂಸತ್ತು ಆ ವೀಟೋವನ್ನ ತಳ್ಳಿಹಾಕಿ ಏಪ್ರಿಲ್ 9ರಂದು ಕಾಯ್ದೆ ಮಾಡಿತು.

ಗಮನಿಸಿ, ಆ ಮೊದಲ ಜಗಳದಲ್ಲೇ ಪ್ರಶ್ನೆ 'ಯಾರ ಪರ, ಯಾರ ವಿರುದ್ಧ' ಅನ್ನೋದೇ ಆಗಿತ್ತು.

ಇಲ್ಲಿಂದ ಬಾಬಾಸಾಹೇಬರಿಗೆ ಬರ್ತೀನಿ. ಈ ನಂಟು ಬರೀ ಊಹೆ ಅಲ್ಲ, ದಾಖಲೆಯಲ್ಲಿದೆ. 1930ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಮೊದಲ ದುಂಡುಮೇಜಿನ ಸಭೆ ಶುರುವಾಯ್ತು. ಅಲ್ಲಿ ನಮ್ಮ ಪ್ರತಿನಿಧಿಗಳು ಇಬ್ಬರೇ, ಅಂಬೇಡ್ಕರ್ ಮತ್ತು ತಮಿಳುನಾಡಿನ ರೆಟ್ಟಮಲೈ ಶ್ರೀನಿವಾಸನ್. ಇಬ್ಬರೂ ಸೇರಿ ಅಲ್ಪಸಂಖ್ಯಾತರ ಉಪಸಮಿತಿಗೆ ಶೋಷಿತ ವರ್ಗಗಳ ರಾಜಕೀಯ ರಕ್ಷಣೆಗಳ ಯೋಜನೆ ಕೊಟ್ಟರು. ಅದರಲ್ಲಿ ಷರತ್ತುಗಳ ಪಟ್ಟಿ ಇದೆ. ಮೊದಲನೇದು ಸಮಾನ ನಾಗರಿಕತ್ವ. ಎರಡನೇದು ಆ ಹಕ್ಕುಗಳನ್ನ ಅಡ್ಡಿಯಿಲ್ಲದೆ ಅನುಭವಿಸುವುದು, ಸಾಮಾಜಿಕ ಬಹಿಷ್ಕಾರವನ್ನ ಶಿಕ್ಷಾರ್ಹ ಅಪರಾಧ ಮಾಡುವುದು ಇದರಲ್ಲೇ ಬರುತ್ತೆ. ಮೂರನೇ ಷರತ್ತಿನ ತಲೆಬರಹ 'ಪ್ರೊಟೆಕ್ಷನ್ ಅಗೇನ್ಸ್ಟ್ ಡಿಸ್ಕ್ರಿಮಿನೇಷನ್'. ಆರನೇದರಲ್ಲೂ 'ಅಗೇನ್ಸ್ಟ್' ಬರುತ್ತೆ, ನಮ್ಮ ಹಿತಕ್ಕೆ ಧಕ್ಕೆ ತರುವ ಕ್ರಮದ ವಿರುದ್ಧ ಪರಿಹಾರ.

ಆ ಮೂರನೇ ಷರತ್ತಿನಲ್ಲಿ ಅವರು ಕೇಳೋ ಹಕ್ಕುಗಳು ಯಾವುವು? ಕರಾರು ಮಾಡಿಕೊಳ್ಳೋದು, ದಾವೆ ಹೂಡೋದು, ಸಾಕ್ಷಿ ಹೇಳೋದು, ಆಸ್ತಿ ಕೊಳ್ಳೋದು, ಮಾರೋದು. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಹೌದು, 1866ರ ಕಾಯ್ದೆಯ ಅದೇ ಪಟ್ಟಿ. ಅಮೆರಿಕದ ಕಾನೂನು 'ಹಿಂದಿನ ಗುಲಾಮ ಸ್ಥಿತಿ ಏನೇ ಇರಲಿ' ಅಂದ ಕಡೆ, ಇವರು 'ಹಿಂದಿನ ಅಸ್ಪೃಶ್ಯ ಸ್ಥಿತಿ ಏನೇ ಇರಲಿ' ಅಂತ ಬರೆದರು. ಕಪ್ಪು ಜನರ ಹೋರಾಟದಿಂದ ಹುಟ್ಟಿದ ಕಾನೂನಿನ ವಾಕ್ಯವನ್ನ ಬಾಬಾಸಾಹೇಬರು ನಮ್ಮ ಮೈಗೆ ಅಳತೆ ಮಾಡಿ ಹೊಲಿದರು. ಕೊಲಂಬಿಯಾದಲ್ಲಿ ಓದಿದ ಮನುಷ್ಯ, ಅಲ್ಲಿನ ಕಾನೂನು ಚೆನ್ನಾಗಿ ಗೊತ್ತಿತ್ತು. 1947ರಲ್ಲಿ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಬರೆದಾಗಲೂ ಅದೇ ಮೂಲವನ್ನ ತೆರೆದು ಹೇಳಿದ್ದಾರೆ.

1932ರ ಪೂನಾ ಒಪ್ಪಂದದಲ್ಲಿ ಈ ಮಾತು ಬೇರೆ ರೂಪದಲ್ಲಿದೆ. ಸ್ಥಳೀಯ ಸಂಸ್ಥೆಗಳ ಚುನಾವಣೆಗೆ, ಸರ್ಕಾರಿ ನೌಕರಿಗೆ ಶೋಷಿತ ವರ್ಗದವರು ಅನ್ನೋ ಕಾರಣಕ್ಕೆ ಯಾರಿಗೂ 'ಡಿಸಬಿಲಿಟಿ' ಅಂಟಿಸುವ ಹಾಗಿಲ್ಲ ಅಂತ. ಆ ಕಾಲದ ಬ್ರಿಟಿಷ್ ಕಾನೂನಿನ ಭಾಷೆಯೇ ಹಾಗಿತ್ತು, 1935ರ ಕಾಯ್ದೆಯ 298ನೇ ಸೆಕ್ಷನ್ನಿನಲ್ಲೂ ಮಾತು 'ಡಿಸಬಿಲಿಟಿ'ಯದ್ದೇ. ಅದರಲ್ಲಿ ಅನರ್ಹತೆ ಕಾಣುತ್ತೆ, ಅದನ್ನ ಹೇರಿದ ಕೈ ಕಾಣಲ್ಲ. ಕೊರತೆ ನಮ್ಮ ಮೈಯಲ್ಲೇ ಇದೆ ಅನ್ನೋ ಹಾಗೆ ಕೇಳಿಸುತ್ತೆ.

ಸಂವಿಧಾನ ಆ ಕೈಯನ್ನ ಹಿಡೀತು. 15ನೇ ವಿಧಿಯ ಮೊದಲ ವಾಕ್ಯ ತೆಗೆದು ನೋಡಿ. ವಾಕ್ಯ ಶುರುವಾಗೋದೇ ಮಾಡುವವನಿಂದ: 'ದಿ ಸ್ಟೇಟ್ ಶಲ್ ನಾಟ್ ಡಿಸ್ಕ್ರಿಮಿನೇಟ್ ಅಗೇನ್ಸ್ಟ್ ಎನಿ ಸಿಟಿಜನ್'. ಮಾಡುವವನು ಪ್ರಭುತ್ವ, ತಡೆಯಬೇಕಾದ್ದು ತಾರತಮ್ಯ, ಕಾಪಾಡಬೇಕಾದ್ದು ನಾಗರಿಕನನ್ನ. ಮೂವರೂ ಹಾಜರ್. 16ನೇ ವಿಧಿಯ ಎರಡನೇ ಖಂಡದಲ್ಲಿ ಕರ್ಮಣಿ ಪ್ರಯೋಗ ಬರುತ್ತೆ. ಅಲ್ಲಿ 'ಡಿಸ್ಕ್ರಿಮಿನೇಟೆಡ್ ಅಗೇನ್ಸ್ಟ್ ಇನ್ ರೆಸ್ಪೆಕ್ಟ್ ಆಫ್' ಅಂತಿದೆ. ಎರಡು ಪುಟ್ಟ ಪದ ಅಕ್ಕಪಕ್ಕ! ಕಿವಿಗೆ ಹೇಗೇ ಕೇಳಿಸಲಿ, 'ಅಗೇನ್ಸ್ಟ್' ಅನ್ನು ಬಿಟ್ಟಿಲ್ಲ. ಇನ್ನು ಮೇಲೆ ಯಾರಾದರೂ ಸಂಶಯಪಟ್ಟರೆ ಈ ಸಾಲು ತೋರಿಸಿ.

ಈ ವಿಧಿ ಸಂವಿಧಾನ ಸಭೆಯಲ್ಲಿ ಚರ್ಚೆಗೆ ಬಂದಿದ್ದು 1948ರ ನವೆಂಬರ್ 29ರಂದು, ಆಗ ಅದು ಕರಡಿನ 9ನೇ ವಿಧಿ. ಅಸ್ಪೃಶ್ಯತೆ ರದ್ದು ಮಾಡುವ ವಿಧಿ ಅಂಗೀಕಾರ ಆಗಿದ್ದೂ ಅದೇ ದಿನ. ಅವತ್ತು ನಡೆದ ಒಂದು ಸಂಗತಿ ನಮ್ಮವರಿಗೇ ಹೆಚ್ಚು ಗೊತ್ತಿಲ್ಲ. ಮಹಿಳೆಯರು, ಮಕ್ಕಳಿಗೆ 'ಸ್ಪೆಷಲ್ ಪ್ರಾವಿಷನ್ ಫಾರ್' ಅನ್ನೋ ಖಂಡ ಇತ್ತಲ್ಲ, ಅದಕ್ಕೆ ಪರಿಶಿಷ್ಟ ಜಾತಿಗಳನ್ನೂ ಸೇರಿಸಿ ಅಂತ ಪ್ರೊ. ಕೆ.ಟಿ. ಶಾ ತಿದ್ದುಪಡಿ ತಂದರು. ಒಳ್ಳೇ ಉದ್ದೇಶವೇ. ಆದರೆ ಬಾಬಾಸಾಹೇಬರು ಒಪ್ಪಲಿಲ್ಲ. ಯಾಕೆ? ನಾಳೆ ಒಂದು ರಾಜ್ಯ 'ನಿಮಗಾಗಿ' ಅಂತ ಪ್ರತ್ಯೇಕ ಶಾಲೆ ಕಟ್ಟಿಸಿ, ಊರ ಶಾಲೆಯಿಂದ ನಮ್ಮ ಮಕ್ಕಳನ್ನ ಹೊರಗಿಟ್ಟು, ಇದು ವಿಶೇಷ ಸೌಲಭ್ಯ ಅಂತ ಈ ವಿಧಿಯ ಮರೆಯಲ್ಲೇ ನಿಂತುಬಿಟ್ಟರೆ?

ಎಂಥ ದೂರದೃಷ್ಟಿ ನೋಡಿ. 'ಫಾರ್' ಅನ್ನೋದು ಮೇಲ್ನೋಟಕ್ಕೆ ಕರುಣೆಯ ಪದ. ಅದರೊಳಗೂ 'ಅಗೇನ್ಸ್ಟ್' ಬಚ್ಚಿಟ್ಟುಕೊಳ್ಳಬಹುದು ಅಂತ ಅವರಿಗೆ ಗೊತ್ತಿತ್ತು. ಊರಾಚೆ 'ನಿಮಗಾಗಿ' ಬೇರೆ ಬಾವಿ, 'ನಿಮಗಾಗಿ' ಬೇರೆ ಲೋಟ ಕಂಡವರಿಗೆ ಇದನ್ನ ವಿವರಿಸಬೇಕಿಲ್ಲ.

ಆಮೇಲೆ ಪರಿಸ್ಥಿತಿ ಬದಲಾಯ್ತು. 1951ರ ಏಪ್ರಿಲ್‌ನಲ್ಲಿ ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮದ್ರಾಸಿನ ಸಮುದಾಯವಾರು ಸೀಟು ಹಂಚಿಕೆಯ ಆದೇಶವನ್ನ ಹೊಡೆದುಹಾಕಿತು. ಜಾತಿ ಕಾರಣಕ್ಕೆ ಸೀಟು ನಿರಾಕರಿಸೋದು ಮೂಲಭೂತ ಹಕ್ಕಿನ ಉಲ್ಲಂಘನೆ ಅನ್ನೋ ವಾದ ಗೆದ್ದಿದ್ದು ಬ್ರಾಹ್ಮಣ ಅರ್ಜಿದಾರರ ಪರವಾಗಿ! ಅದಕ್ಕೆ ಉತ್ತರವಾಗಿ ಅದೇ ವರ್ಷ ಜೂನ್‌ನಲ್ಲಿ ಮೊದಲ ತಿದ್ದುಪಡಿ ಬಂತು, 15(4) ಹುಟ್ಟಿತು. ಆಗ ಬಾಬಾಸಾಹೇಬರೇ ಕಾನೂನು ಮಂತ್ರಿ. ಈ ಸಲ ಪದಗಳು ಹೇಗಿವೆ ಗಮನಿಸಿ. ಹಿಂದುಳಿದ ವರ್ಗಗಳ, ಪರಿಶಿಷ್ಟರ 'ಅಡ್ವಾನ್ಸ್‌ಮೆಂಟ್'ಗಾಗಿ ವಿಶೇಷ ಏರ್ಪಾಡು. ಬರೀ 'ನಿಮಗಾಗಿ' ಅಲ್ಲ, ನಿಮ್ಮ ಮುನ್ನಡೆಗಾಗಿ. ಹೊರಗಿಡೋದನ್ನ ಮುನ್ನಡೆ ಅಂತ ಕರೆಯೋಕೆ ಯಾರಿಗೂ ಆಗಲ್ಲ.

ಈ ಕಥೆಯಲ್ಲಿ ನಮ್ಮ ರಾಜ್ಯವೂ ಇದೆ. 1962ರ ಜುಲೈನಲ್ಲಿ ಮೈಸೂರು ಸರ್ಕಾರ ಎಂಜಿನಿಯರಿಂಗ್, ಮೆಡಿಕಲ್ ಸೀಟುಗಳಲ್ಲಿ ಶೇ. 68 ಮೀಸಲು ಅಂತ ಆದೇಶ ಮಾಡಿತು. ಹಿಂದುಳಿದವರಿಗೆ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ 3. ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎರಡೇ ತಿಂಗಳಲ್ಲಿ ಅದನ್ನ ರದ್ದು ಮಾಡಿತು. ಮೀಸಲಾತಿ ಶೇ. 50 ದಾಟಬಾರದು ಅನ್ನೋ ಮಾತಿನ ಬೇರು ಇಲ್ಲೇ ಇರೋದು. ಆ ತೀರ್ಪಿನ ಪ್ರಕಾರ 15(4) ಅನ್ನೋದು 15(1)ಕ್ಕೆ ಒಂದು ವಿನಾಯಿತಿ. ಅಂದರೆ 'ಪರ' ಅನ್ನೋದು 'ವಿರುದ್ಧ ಮಾಡಬೇಡ' ಅನ್ನೋ ನಿಯಮಕ್ಕೆ ಸಹಿಸಿಕೊಂಡ ಒಂದು ಅಪವಾದ. ಈ ತಿಳಿವಳಿಕೆ ತಿರುಗೋಕೆ 1975ರ ತನಕ ಕಾಯಬೇಕಾಯ್ತು. ಕೇರಳದ ಎನ್.ಎಂ. ಥಾಮಸ್ ಪ್ರಕರಣದಲ್ಲಿ ಕೋರ್ಟು ಹೇಳಿದ್ದು, ಮೀಸಲಾತಿ ಸಮಾನತೆಗೆ ಅಪವಾದ ಅಲ್ಲ, ಸಮಾನತೆಯದ್ದೇ ಒಂದು ಮುಖ ಅಂತ. 1992ರ ಇಂದ್ರಾ ಸಾಹ್ನಿ ತೀರ್ಪೂ ಅದನ್ನ ಒಪ್ಪಿತು. ಇಷ್ಟಾದರೂ ಟಿವಿ ಚರ್ಚೆಗಳಲ್ಲಿ ಇವತ್ತಿಗೂ ಜಾನ್ಸನ್ನಿನ 1866ರ ವೀಟೋ ಓದ್ತಾನೇ ಇರ್ತಾರೆ.

ಈಗ 'ಬಿಟ್ವೀನ್' ವಿಷಯ. ಇದು ಇನ್ನೂ ಅಪಾಯದ್ದು. ದಲಿತರ ಕೇರಿಗೆ ನುಗ್ಗಿ ಹೊಡೆದರೂ ಸುದ್ದಿ ಬರೋದು 'ಎರಡು ಗುಂಪುಗಳ ನಡುವೆ ಘರ್ಷಣೆ' ಅಂತ. 'ಕ್ಲ್ಯಾಶ್ ಬಿಟ್ವೀನ್ ಟೂ ಗ್ರೂಪ್ಸ್'. 'ನಡುವೆ' ಅಂದ ಕೂಡಲೇ ಎರಡೂ ಕಡೆ ಸಮ ಆಗಿಬಿಡುತ್ತೆ. ಹೊಡೆದವನೂ ಗುಂಪು, ಸತ್ತವನೂ ಗುಂಪು. ಕಂಬಾಲಪಲ್ಲಿ ನೆನಪು ಮಾಡಿಕೊಳ್ಳಿ. 2000ನೇ ಇಸವಿ ಮಾರ್ಚ್ 11, ಆಗಿನ ಕೋಲಾರ ಜಿಲ್ಲೆ, ಚಿಂತಾಮಣಿ ತಾಲ್ಲೂಕು. ಏಳು ಜನ ದಲಿತರನ್ನ ಜೀವಂತ ಸುಟ್ಟರು. ಆರೋಪಿಗಳೆಲ್ಲ ಖುಲಾಸೆ ಆದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡೀತು. ಇದನ್ನ 'ನಡುವೆ' ಅನ್ನೋ ಪದದಲ್ಲಿ ಹೇಳೋಕೆ ಆಗುತ್ತಾ?

1989ರ ದೌರ್ಜನ್ಯ ತಡೆ ಕಾಯ್ದೆ 'ನಡುವೆ' ಅನ್ನಲಿಲ್ಲ. ಅದರ ಉದ್ದೇಶದ ಮೊದಲ ಸಾಲಲ್ಲೇ ಪರಿಶಿಷ್ಟರ 'ಅಗೇನ್ಸ್ಟ್' ನಡೆಯುವ ದೌರ್ಜನ್ಯ ಅಂತಿದೆ. ಮೂರನೇ ಸೆಕ್ಷನ್ ಶುರುವಾಗೋದೇ 'ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರದ ಯಾರೇ ಆಗಲಿ' ಅಂತ. ದಿಕ್ಕು ಸ್ಪಷ್ಟ. ಆದರೂ ಒಂದು ಸಣ್ಣ ಪದಗುಚ್ಛ ನಮ್ಮನ್ನ ವರ್ಷಗಟ್ಟಲೆ ಕಾಡಿತು. 3(2)(5)ರಲ್ಲಿ, ಪರಿಶಿಷ್ಟರು ಅನ್ನೋ ಕಾರಣದ ಮೇಲೆ, 'ಆನ್ ದಿ ಗ್ರೌಂಡ್ ದಟ್', ಘೋರ ಅಪರಾಧ ಎಸಗಿದರೆ ಜೀವಾವಧಿ ಶಿಕ್ಷೆ ಅಂತಿತ್ತು. ಕೊಂದಿದ್ದು ಸಾಬೀತಾದರೂ, ಜಾತಿಯ 'ಕಾರಣದ ಮೇಲೆ' ಕೊಂದಿದ್ದು ಸಾಬೀತಾಗಿಲ್ಲ ಅಂತ ಈ ಸೆಕ್ಷನ್ ಬಿದ್ದುಹೋಗ್ತಿತ್ತು. ಅವನ ಮನಸ್ಸಿನಲ್ಲಿದ್ದ ಕಾರಣಕ್ಕೆ ಸಾಕ್ಷಿ ಎಲ್ಲಿಂದ ತರೋದು? ದೇಶದ ಉದ್ದಗಲ ನಮ್ಮ ಸಂಘಟನೆಗಳು ಒತ್ತಾಯಿಸಿದ ಮೇಲೆ ತಿದ್ದುಪಡಿಯಾಗಿ, 2016ರ ಜನವರಿ 26ರಿಂದ ಆ ಜಾಗದಲ್ಲಿ 'ನೋಯಿಂಗ್ ದಟ್' ಬಂತು. ಪರಿಶಿಷ್ಟರು ಅಂತ ಗೊತ್ತಿದ್ದು ಮಾಡಿದರೆ ಸಾಕು. ಆರೋಪಿಗೆ ಸಂತ್ರಸ್ತರ ಅಥವಾ ಅವರ ಕುಟುಂಬದ ಪರಿಚಯ ಇದ್ದರೆ ಜಾತಿ ಗೊತ್ತಿತ್ತು ಅಂತಲೇ ಕೋರ್ಟು ಭಾವಿಸಬೇಕು, ಅದೂ ಸೇರಿತು. ಒಂದೇ ಊರಲ್ಲಿ ಹುಟ್ಟಿ ಬೆಳೆದವನು 'ಜಾತಿ ಗೊತ್ತಿರಲಿಲ್ಲ' ಅಂದರೆ ಈಗ ನಡೆಯಲ್ಲ. ಸಣ್ಣ ಪದಗಳು ಸಣ್ಣವಲ್ಲ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕಾ?

ಕೊನೆಗೆ ನಮ್ಮ ಕನ್ನಡದ ಪದ. 'ತಾರತಮ್ಯ' ಎಲ್ಲಿಂದ ಬಂತು? ಸಂಸ್ಕೃತದ 'ತರ', 'ತಮ' ಪ್ರತ್ಯಯಗಳಿಂದ. ಲಘು, ಲಘುತರ, ಲಘುತಮ ಅಂತೀವಲ್ಲ ಅದು. ಮೆಟ್ಟಿಲು ಮೆಟ್ಟಿಲಾಗಿ ಜೋಡಿಸೋದು. ಉಡುಪಿಯ ಮಧ್ವ ಸಿದ್ಧಾಂತದಲ್ಲಿ ಇದು ಬೈಗುಳವಲ್ಲ, ತತ್ವ. ಜೀವಗಳಲ್ಲಿ ಮೇಲು ಕೀಳಿನ ತಾರತಮ್ಯ ಇದೆ, ಮೋಕ್ಷದಲ್ಲೂ ಅದು ಹೋಗಲ್ಲ ಅನ್ನೋದು ಅವರ ಮತ. ಬಾಬಾಸಾಹೇಬರು ಜಾತಿಯನ್ನ ಶ್ರೇಣೀಕೃತ ಅಸಮಾನತೆ ಅಂದರಲ್ಲ, ಆ ಏಣಿಯ ಚಿತ್ರ ನಮ್ಮ 'ತಾರತಮ್ಯ'ದೊಳಗೇ ಇದೆ. ಆದರೆ ಏಣಿ ಕಾಣುತ್ತೆ, ಮೇಲಿನ ಮೆಟ್ಟಿಲಿಂದ ತಲೆ ಮೇಲೆ ಬೀಳುವ ಕಾಲು ಕಾಣಲ್ಲ. ಅದಕ್ಕೇ ಕನ್ನಡದಲ್ಲೂ 'ಜಾತಿ ತಾರತಮ್ಯ ಇದೆ' ಅಂತ ಬರೆದು ನಿಲ್ಲಿಸಬೇಡಿ. ಯಾರು, ಯಾರ ವಿರುದ್ಧ, ಎಲ್ಲಿ ಮಾಡಿದರು ಅಂತ ಬರೆಯಿರಿ.

ಬರೆಯುವವರ ಅನುಕೂಲಕ್ಕೆ:

1. ಕರ್ತರಿಯಲ್ಲಿ: 'ದೇ ಡಿಸ್ಕ್ರಿಮಿನೇಟ್ ಅಗೇನ್ಸ್ಟ್ ದಲಿತ್ಸ್'. 'ದೇ ಡಿಸ್ಕ್ರಿಮಿನೇಟ್ ದಲಿತ್ಸ್' ಅಲ್ಲ.

2. ಕರ್ಮಣಿಯಲ್ಲಿ: 'ದಲಿತ್ಸ್ ಆರ್ ಡಿಸ್ಕ್ರಿಮಿನೇಟೆಡ್ ಅಗೇನ್ಸ್ಟ್'. ಮಾಡಿದವರ ಹೆಸರು ಹೇಳೋದಾದರೆ 'ಅಗೇನ್ಸ್ಟ್ ಬೈ'. ಹೇಳೋಕೆ ಸಾಧ್ಯ ಇದ್ದಾಗ ಹೇಳಲೇಬೇಕು.

3. ನಾಮಪದದಲ್ಲಿ: 'ಡಿಸ್ಕ್ರಿಮಿನೇಷನ್ ಅಗೇನ್ಸ್ಟ್ ದಲಿತ್ಸ್'. 'ಆಫ್ ದಲಿತ್ಸ್' ಅಂದರೆ ದಲಿತರೇ ಮಾಡಿದ ಹಾಗೂ ಕೇಳಿಸಬಹುದು.

4. ಕಾರಣ ಹೇಳುವಾಗ: 'ಆನ್ ದಿ ಗ್ರೌಂಡ್ ಆಫ್ ಕಾಸ್ಟ್' ಅಥವಾ 'ಆನ್ ದಿ ಬೇಸಿಸ್ ಆಫ್ ಕಾಸ್ಟ್'. 'ಇನ್ ದಿ ಬೇಸಿಸ್' ಅಲ್ಲ.

5. ಹಲ್ಲೆಯನ್ನ 'ಕ್ಲ್ಯಾಶ್ ಬಿಟ್ವೀನ್' ಅಂತ ಯಾರಾದರೂ ವರದಿ ಮಾಡಿದರೆ ತಿದ್ದುಪಡಿ ಕೇಳಿ ಪತ್ರ ಬರೆಯಿರಿ. ಅದು 'ಅಟ್ಯಾಕ್ ಆನ್', 'ಅಟ್ರಾಸಿಟಿ ಅಗೇನ್ಸ್ಟ್'.

2023ರ ಫೆಬ್ರವರಿಯಲ್ಲಿ ಅಮೆರಿಕದ ಸಿಯಾಟಲ್ ನಗರ ತನ್ನ ತಾರತಮ್ಯ ತಡೆ ಕಾನೂನಿಗೆ ಜಾತಿಯನ್ನೂ ಸೇರಿಸಿತು. 1866ರಲ್ಲಿ ಅಲ್ಲಿಂದ ಹೊರಟ ಮಾತು ಬಾಬಾಸಾಹೇಬರ ಕೈ ದಾಟಿ, ನಮ್ಮ ಜಾತಿಯ ಪ್ರಶ್ನೆಯನ್ನ ಹೊತ್ತುಕೊಂಡು ವಾಪಸ್ ಅಲ್ಲಿಗೇ ಹೋಗಿದೆ. ಇಷ್ಟು ದೂರ ನಡೆದು ಬಂದ ಪದವನ್ನ ನಮ್ಮ ಮನವಿ ಪತ್ರದ ಸಾಲಲ್ಲಿ ಬೀಳಿಸಬೇಡಿ.

ನಿಮ್ಮ ಸಂಘಟನೆಯಲ್ಲಿ ಇಂಗ್ಲಿಷ್ ಡ್ರಾಫ್ಟ್ ಮಾಡುವವರಿಗೆ ಇದನ್ನ ಕಳಿಸಿ. ಸೇರಿಸೋದು ಇದ್ದರೆ ಕಾಮೆಂಟಿನಲ್ಲಿ ಬರೆಯಿರಿ.

ಜೈ ಭೀಮ್.